ಏಳರಲ್ಲಿ ಒಬ್ಬಳು

ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಬಿಳಿ ಕೋಟು ತೊಟ್ಟು, ಟೊಪ್ಪಿಯೊಳಗೆ ಕೂದಲನ್ನೆಲ್ಲ ತುರುಕಿ, ಮಾಸ್ಕನ್ನು ಕಣ್ಣಿನ ಕೆಳಗಿನವರೆಗೂ ಎಳೆದುಕೊಂಡು ಕನ್ನಡಿಯಲ್ಲಿ ನೋಡಿಕೊಂಡಾಗ ಅವಳಿಗೆ ತೃಪ್ತಿಯಾಯಿತು. ಹೆತ್ತ ತಾಯಿ ಬಂದು ನಿಂತರೂ ಇವಳೇ ಎಂದು ಹೇಳಲಾರಳು. ಮರುಕ್ಷಣವೇ, ಹೆತ್ತ ತಾಯಿಗೇ ಆಗದ್ದನ್ನು ಒಬ್ಬ ಡ್ರೈವಿಂಗ್ ಮೇಷ್ಟ್ರು ಮಾಡಬೇಕೆಂದು ಬಯಸುವುದು ನ್ಯಾಯವೇ ಎಂದು ಒಂದು ಮನಸ್ಸು ಕೇಳಿತು. ಮಾಡಿದರೆ ಅವನೇ, ಮಾಡದಿದ್ದರೆ ಅವನಲ್ಲ, ಇದರಲ್ಲಿ ನ್ಯಾಯದ ಮಾತೆಲ್ಲಿ ಬಂತು ಎಂದು ಇನ್ನೊಂದು ಮನಸ್ಸು ಅದರ ಬಾಯಿ ಮುಚ್ಚಿಸಿತು. ಇವತ್ತು ಕಾರ್ಖಾನೆಗೆ ಮನೆಯವರು ಬರುವ ದಿನ. ವರ್ಷಕ್ಕೊಂದು ಸಲ ಕೆಲಸಗಾರರ ಕಡೆಯವರನ್ನು ಒಳಗೆ ಬಿಟ್ಟು, ನಿಮ್ಮವರು ಇಲ್ಲಿ ಏನು ಮಾಡುತ್ತಾರೆ ನೋಡಿ ಎಂದು ತೋರಿಸಿ, ಒಂದೊಂದು ಲೋಟ ಟೀ ಕೊಟ್ಟು ಕಳಿಸುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅವಳ ಕಡೆಯಿಂದ ಯಾರೂ ಬಂದಿರಲಿಲ್ಲ. ಈ ಸಲ ಮೇಷ್ಟ್ರನ್ನು ಕರೆದಿದ್ದಳು. ಬನ್ನಿ ಎಂದಿದ್ದಳೇ ಹೊರತು ಯಾಕೆ ಎಂದು ಹೇಳಿರಲಿಲ್ಲ. ಹತ್ತು ಗಂಟೆಗೆ ಅವರು ತಪಾಸಣೆಯ ಹಾಲಿಗೆ ಬರುತ್ತಾರೆ; ಅಲ್ಲಿ ಮಾತ್ರೆಯ ಹಾಳೆಗಳು ಸಾಗುವ ಬೆಲ್ಟಿನ ಮುಂದೆ ಏಳು ಹೆಂಗಸರು ಒಂದೇ ಥರದ ಕೋಟು, ಟೊಪ್ಪಿ, ಮಾಸ್ಕಿನಲ್ಲಿ ಕೂತಿರುತ್ತಾರೆ; ಯಾರೂ ತೋರಿಸದೆ, ಯಾರನ್ನೂ ಕೇಳದೆ ಅವರು ಬಂದು ತನ್ನ ಎದುರಿಗೆ ನಿಂತರೆ ಸಂಜೆ ಹೂಂ ಎನ್ನುವುದು, ಬೇರೆಯವಳ ಎದುರು ನಿಂತರೆ ಉಹೂಂ ಎನ್ನುವುದು. ಸಂಜೆಯೊಳಗೆ ಎರಡರಲ್ಲಿ ಒಂದನ್ನು ಹೇಳಲೇಬೇಕಿತ್ತು. ಮೇಷ್ಟ್ರ ಅಕ್ಕ ತಮ್ಮನಿಗಾಗಿ ಇನ್ನೊಂದು ಕಡೆ ಹೆಣ್ಣು ನೋಡಿಟ್ಟಿದ್ದರು. ಆ ಕಡೆಯವರು ಉತ್ತರಕ್ಕೆ ಕಾದು ಕಾದು ಮುಖ ಊದಿಸಿಕೊಂಡಿದ್ದರಂತೆ.

ತಪ್ಪು ಹುಡುಕುವುದು ಅವಳ ಕಸುಬು. ಬೆಲ್ಟಿನ ಮೇಲೆ ಹಾಳೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ, ಒಂದೊಂದರಲ್ಲಿ ಹತ್ತು ಗುಳಿ. ಗುಳಿಯಲ್ಲಿ ಮಾತ್ರೆ ಇಲ್ಲದಿದ್ದರೆ, ಇದ್ದದ್ದು ಮುರಿದಿದ್ದರೆ, ಅಂಚಿನಲ್ಲಿ ಸಾಸಿವೆಯಷ್ಟು ಕಲೆ ಇದ್ದರೂ ಅವಳ ಕೈ ತಾನಾಗಿ ಹೋಗಿ ಆ ಹಾಳೆಯನ್ನು ಎತ್ತಿ ಕೆಂಪು ಡಬ್ಬಕ್ಕೆ ಹಾಕುತ್ತದೆ. ಹನ್ನೊಂದು ವರ್ಷದಲ್ಲಿ ಒಂದೂ ತಪ್ಪಿಸಿಕೊಂಡಿರಲಿಲ್ಲ. ಸೂಪರ್‌ವೈಸರ್ ಅವಳನ್ನು ಹದ್ದು ಎಂದು ಕರೆಯುತ್ತಿದ್ದ. ಮೊದಮೊದಲು ಬೇಜಾರಾಗುತ್ತಿತ್ತು, ಈಗ ಹಾಗೆ ಕರೆಯದಿದ್ದರೆ ಬೇಜಾರು. ಅದೇ ಕಣ್ಣಿನಲ್ಲಿ ಗಂಡುಗಳನ್ನೂ ನೋಡಿದರೆ ಈ ಜನ್ಮಕ್ಕೆ ಮದುವೆಯಾಗುವುದಿಲ್ಲ ಎಂದು ಅತ್ತಿಗೆ ದೂರುತ್ತಿದ್ದಳು. ಅತ್ತಿಗೆಯ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಬ್ಯಾಂಕಿನ ಗುಮಾಸ್ತನೊಬ್ಬ ಲಕ್ಷಣವಾಗಿದ್ದ, ಮಾತೂ ಚೆನ್ನಾಗಿತ್ತು, ಆದರೆ ನೋಡಲು ಬಂದ ದಿನ ಅವನಿಗೆ ನೆಗಡಿ. ಕರ್ಚೀಫು ತೆಗೆದು ಸಶಬ್ದವಾಗಿ ಮೂಗು ಸೀಟಿದ. ಅವಳು ಕೇಳಿದ ಯಾವ ಕಥೆಯಲ್ಲೂ ರಾಜಕುಮಾರನಿಗೆ ನೆಗಡಿಯಾಗಿರಲಿಲ್ಲ. ಏಳು ಸಮುದ್ರ ಈಜಿ ಬಂದವನೂ ಒಂದು ಸಲವೂ ಸೀನಿರಲಿಲ್ಲ. ಮತ್ತೊಬ್ಬ ಮೆಟ್ಟಿಲು ಹತ್ತಿ ಬಂದವನು ಏದುಸಿರು ಬಿಡುತ್ತ ಮೊದಲು ನೀರು ಕೇಳಿದ. ಅವರ ಮನೆ ಇದ್ದದ್ದು ಎರಡನೇ ಮಹಡಿ, ಗೋಪುರವೇನಲ್ಲ. ಇನ್ನೊಬ್ಬ ಹೋಟೆಲಿನಲ್ಲಿ ಮೆನು ಅವಳ ಕಡೆ ತಳ್ಳಿ ಏನು ತಗೋತೀರಿ ಎಂದು ಕೇಳಿದ, ಅಷ್ಟಕ್ಕೇ ಅವಳ ಮನಸ್ಸು ಮುದುಡಿತು. ಕೇಳಬೇಕಾಯಿತಲ್ಲ. ಅವಳ ಒಳಗಿನದು ಅವನಿಗೆ ತಾನಾಗಿ ತಿಳಿಯಬೇಡವೇ? ಹೀಗೆ ಅಳೆದೂ ಸುರಿದೂ ಒಂಬತ್ತು ಜನ ಹೋದರು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರೆ ಎಣ್ಣೆಗೇನು ನಷ್ಟ ಎಂದು ಅತ್ತಿಗೆ ಗಾದೆಗೆ ತನ್ನದೊಂದು ಬಾಲ ಸೇರಿಸಿ ಕೇಳಿದಳು. ಆಗ ಅವಳಿಗೆ ಮೂವತ್ತೆಂಟು ನಡೆಯುತ್ತಿತ್ತು.

ಅವಳ ಕುರ್ಚಿ ಮೂರನೆಯದು. ಯಾವತ್ತೋ ಫೋನಿನಲ್ಲಿ ಮಾತಿಗೆ ಮಾತು ಬಂದು ಅದನ್ನು ಮೇಷ್ಟ್ರಿಗೆ ಹೇಳಿಬಿಟ್ಟಿದ್ದಳು. ಆದ್ದರಿಂದ ಇವತ್ತು ಐದನೆಯ ಕುರ್ಚಿಯವಳ ಕೈಕಾಲು ಹಿಡಿದು ಜಾಗ ಬದಲಿಸಿಕೊಂಡಿದ್ದಳು. ಯಾಕೆ ಎಂದು ಅವಳು ಕೇಳಿದ್ದಕ್ಕೆ ಫ್ಯಾನಿನ ಗಾಳಿ ನೆತ್ತಿಗೆ ಹೊಡೆಯುತ್ತದೆ ಎಂದು ಸುಳ್ಳು ಹೇಳಿದ್ದಳು. ಪರೀಕ್ಷೆ ಇಡುವವರೇ ಹುಡುಗನ ಪುಸ್ತಕ ಕದ್ದಿಟ್ಟ ಹಾಗಾಯಿತಲ್ಲ ಎಂದು ಕೂತ ಮೇಲೆ ಅನ್ನಿಸಿತು, ಆದರೆ ಅಷ್ಟರಲ್ಲಿ ಬೆಲ್ಟು ಹೊರಟಿತ್ತು. ಪಕ್ಕದ ಆರನೆಯ ಕುರ್ಚಿಯಲ್ಲಿ ಮೂರು ಮಕ್ಕಳ ತಾಯಿಯೊಬ್ಬಳು ಕೂರುತ್ತಿದ್ದಳು. ಅವಳಿಗೆ ಒಬ್ಬಳಿಗೆ ಮಾತ್ರ ಈ ಪರೀಕ್ಷೆಯ ವಿಷಯ ಗೊತ್ತಿತ್ತು, ಗೊತ್ತಾದಾಗಿನಿಂದ ಮಾಸ್ಕಿನೊಳಗೆ ನಗುತ್ತಲೇ ಇದ್ದಳು. ಹಾಳೆಗಳಿಂದ ಕಣ್ಣು ಕೀಳದೆ ಮಾತಾಡುವುದು ಆ ಹಾಲಿನ ಹೆಂಗಸರಿಗೆಲ್ಲ ಕರಗತವಾಗಿತ್ತು.

“ನನ್ನ ಮೂರನೇ ಹೆರಿಗೆಯಲ್ಲಿ ನಮ್ಮನೆಯವರು ವಾರ್ಡಿಗೆ ಬಂದು ಪಕ್ಕದ ಮಂಚದವಳ ಹಣೆ ಹತ್ತು ನಿಮಿಷ ಸವರಿದ್ರು ಕಣೆ,” ಎಂದಳು ಮೂರು ಮಕ್ಕಳ ತಾಯಿ. “ಅವಳೂ ಸುಮ್ನೆ ಸವರಿಸ್ಕೊಂಡ್ಳು.”

“ನೀನು ಏನು ಮಾಡ್ದೆ?”

“ನಾನೇನ್ ಮಾಡ್ಲಿ, ನಿದ್ದೆ ಎಳೀತಿತ್ತು. ಆಮೇಲೆ ಮಗು ಅತ್ತಿತು, ಈ ಕಡೆ ತಿರುಗಿದ್ರು.”

ಇಂಥ ಗಂಡನ ಜೊತೆ ಹದಿನಾಲ್ಕು ವರ್ಷ ಇವಳು ಹೇಗೆ ಬಾಳಿದಳು ಎಂದು ಅವಳಿಗೆ ಕನಿಕರವಾಯಿತು. ಆದರೆ ಮೂರು ಮಕ್ಕಳ ತಾಯಿ ಅದನ್ನು ಹೇಳಿದ ರೀತಿಯಲ್ಲಿ ಕನಿಕರ ಬೇಡುವಂಥದ್ದು ಏನೂ ಇರಲಿಲ್ಲ. ಸಂಜೆ ಅವನ ಸ್ಕೂಟರಿನ ಹಿಂದೆ ಕೂತು ಅವನ ಕಿವಿಯಲ್ಲಿ ಏನೋ ಬೈಯುತ್ತ ಹೋಗುವಾಗಲೂ ಇರುತ್ತಿರಲಿಲ್ಲ. ತನ್ನ ಈ ಪರೀಕ್ಷೆಯ ಹುಚ್ಚೆಲ್ಲ ದೊಡ್ಡಮ್ಮನಿಂದ ಆದದ್ದು. ದೊಡ್ಡಮ್ಮ ರಜೆಯ ಮಧ್ಯಾಹ್ನಗಳಲ್ಲಿ ಅವಳನ್ನು ಮೊಣಕಾಲ ಮಧ್ಯೆ ಕೂರಿಸಿಕೊಂಡು ಸಿಕ್ಕು ಬಿಡಿಸುತ್ತ ಕಥೆ ಹೇಳುತ್ತಿದ್ದಳು. ರಾಕ್ಷಸನೊಬ್ಬ ರಾಜಕುಮಾರಿಯನ್ನು ಕದ್ದೊಯ್ದು, ಹುಡುಕಿ ಬಂದ ರಾಜಕುಮಾರನ ಮುಂದೆ ಅವಳೂ ಸೇರಿ ಥೇಟ್ ಒಂದೇ ಥರ ಇರುವ ಏಳು ಜನರನ್ನು ನಿಲ್ಲಿಸುತ್ತಾನೆ. ಸರಿಯಾದವಳನ್ನು ಗುರುತಿಸಿದರೆ ಕರೆದುಕೊಂಡು ಹೋಗು, ತಪ್ಪಿದರೆ ಕಲ್ಲಾಗು. ರಾಜಕುಮಾರ ಒಬ್ಬೊಬ್ಬರನ್ನೇ ನೋಡುತ್ತ ಬರುತ್ತಾನೆ. ಬಾಚಣಿಗೆಯ ಹಿತಕ್ಕೆ ಅಷ್ಟು ಹೊತ್ತಿಗೆ ಅವಳಿಗೆ ಜೊಂಪು ಹತ್ತುತ್ತಿತ್ತು. ಎದ್ದಾಗ ಜಡೆ ಹೆಣೆದು ಮುಗಿದಿರುತ್ತಿತ್ತು, ಕಥೆಯಲ್ಲಿ ಮದುವೆಯೂ ಮುಗಿದಿರುತ್ತಿತ್ತು. ಹೇಗೆ ಗುರುತಿಸಿದ ಎಂಬುದನ್ನು ಅವಳು ಕೇಳಿರಲಿಲ್ಲ, ಕೇಳಬೇಕೆಂದು ಅನ್ನಿಸಿಯೂ ಇರಲಿಲ್ಲ. ಪ್ರೀತಿಯಿದ್ದವನಿಗೆ ಗೊತ್ತಾಗುತ್ತದೆ, ಅಷ್ಟೆ. ಮೂವತ್ತು ವರ್ಷ ಹಾಗೆಂದುಕೊಂಡಿದ್ದವಳಿಗೆ ಕಳೆದ ಭಾನುವಾರ, ಪರೀಕ್ಷೆಯನ್ನು ಗಟ್ಟಿಮಾಡಿಕೊಳ್ಳುವ ಮೊದಲು ಒಂದು ಸಲ ಕೇಳಿ ಬರೋಣ ಎನ್ನಿಸಿತು. ದೊಡ್ಡಮ್ಮ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು.

“ಏಳು ಜನ ಒಂದೇ ಥರ ಇದ್ರೆ ಹೇಗೆ ಗೊತ್ತಾಗುತ್ತೆ, ಮಣ್ಣು,” ಎಂದಳು ದೊಡ್ಡಮ್ಮ. “ಅವಳೇ ಹಿಂದಿನ ದಿನ ಗಿಣಿ ಕೈಲಿ ಹೇಳಿ ಕಳಿಸಿದ್ಳು, ಎಡಗಾಲಿನ ಹೆಬ್ಬೆರಳು ಅಲ್ಲಾಡಿಸ್ತೀನಿ, ನೋಡ್ಕೋ ಅಂತ.”

“ಇದನ್ನ ನೀನು ಹೇಳಲೇ ಇಲ್ಲ.”

“ದಿನಾ ಹೇಳ್ತಿದ್ದೆ ಕಣೆ. ನೀನು ಗೊರಕೆ ಹೊಡೀತಿದ್ದೆ.”

ವಾಪಸು ಬರುವಾಗ ಬಸ್ಸಿನಲ್ಲಿ ಅವಳಿಗೆ ಸಿಟ್ಟು ಬಂತು. ದೊಡ್ಡಮ್ಮನಿಗೆ ಅರಳು ಮರಳು, ಯಾವುದೋ ಕಥೆಯ ಬಾಲವನ್ನು ಇನ್ಯಾವುದಕ್ಕೋ ಅಂಟಿಸಿದ್ದಾಳೆ ಎಂದುಕೊಂಡಳು. ಹೇಳಿಸಿಕೊಂಡು ಗುರುತಿಸುವುದಕ್ಕೆ ರಾಜಕುಮಾರನೇ ಯಾಕೆ ಬೇಕು, ಅಂಚೆಯವನು ಸಾಕು. ಆದರೆ ಸಿಟ್ಟಿನ ಅಡಿಯಲ್ಲಿ ಒಂದು ಹೆದರಿಕೆಯೂ ಇತ್ತು. ದೊಡ್ಡಮ್ಮ ಹೇಳಿದ್ದೇ ನಿಜವಾದರೆ ಅವಳು ಅರ್ಧ ಕೇಳಿದ ಕಥೆಯನ್ನು ನೆಚ್ಚಿಕೊಂಡು ಒಂಬತ್ತು ಜನರನ್ನು ಕೆಂಪು ಡಬ್ಬಕ್ಕೆ ಹಾಕಿದ ಹಾಗಾಯಿತು. ಅದನ್ನು ಒಪ್ಪಿಕೊಳ್ಳುವುದಕ್ಕಿಂತ ದೊಡ್ಡಮ್ಮನಿಗೆ ವಯಸ್ಸಾಗಿದೆ ಎನ್ನುವುದು ಸುಲಭವಾಗಿತ್ತು. ಮತ್ತೆ ಈ ಮೇಷ್ಟ್ರಾದರೂ ಎಂಥ ರಾಜಕುಮಾರರು? ಕುದುರೆ ಏರಿ ಬರುವವನು ಬರುವ ಹಾಗೆ ಕಾಣುವುದಿಲ್ಲ, ನೀನೇ ಗಾಡಿ ಕಲಿತು ಹುಡುಕಿಕೊಂಡು ಹೋಗು ಎಂದು ಅತ್ತಿಗೆ ಹಂಗಿಸಿದ್ದಕ್ಕೆ ಹಟ ಹಿಡಿದು ಡ್ರೈವಿಂಗ್ ಶಾಲೆ ಸೇರಿದ್ದಳು. ಮೇಷ್ಟ್ರ ಕಾಲ ಬಳಿ ಇನ್ನೊಂದು ಬ್ರೇಕ್ ಇತ್ತು. ನಾಯಿ ಅಡ್ಡ ಬಂದರೆ, ಸೈಕಲ್ ಅಡ್ಡ ಬಂದರೆ, ಬರಬಹುದೆಂದು ಅವರಿಗೆ ಅನ್ನಿಸಿದರೂ ಗಾಡಿ ಗಕ್ಕನೆ ನಿಲ್ಲುತ್ತಿತ್ತು. ನೀವು ಹೆದರಬೇಡಿ, ಹೆದರೋದಕ್ಕೇ ನನಗೆ ಸಂಬಳ ಕೊಡ್ತಾರೆ ಎಂದು ಮೊದಲ ದಿನವೇ ಹೇಳಿದ್ದರು. ಜೋಕನ್ನು ಮುಗಿಸುವ ಮೊದಲೇ ತಾವು ನಕ್ಕುಬಿಡುವುದರಿಂದ ಅದರ ಕೊನೆ ಯಾರಿಗೂ ಕೇಳಿಸುತ್ತಿರಲಿಲ್ಲ. ಇಪ್ಪತ್ತನೆಯ ದಿನ ಕೆಂಪು ದೀಪದ ಮುಂದೆ ನಿಂತಿದ್ದಾಗ, ಕ್ಲಚ್ ಪೂರ್ತಿ ಒತ್ತಿ ಎನ್ನುವಷ್ಟೇ ಸಲೀಸಾಗಿ, ನಿಮಗೆ ಅಭ್ಯಂತರ ಇಲ್ಲದಿದ್ದರೆ ನಾವು ಮದುವೆಯಾಗಬಹುದಾ ಎಂದು ಕೇಳಿದರು. ಅವಳ ಕಾಲು ಕ್ಲಚ್ಚಿನಿಂದ ಜಾರಿ ಗಾಡಿ ಮುಗ್ಗರಿಸಿ ನಿಂತಿತು. ಹಿಂದಿನವರೆಲ್ಲ ಹಾರ್ನ್ ಹೊಡೆಯತೊಡಗಿದರು. ಇದಕ್ಕೆ ಅವಸರ ಇಲ್ಲ, ಹಸಿರು ಬಿದ್ದಿದೆ, ಮೊದಲು ಅದನ್ನ ನೋಡಿ ಎಂದರು ಮೇಷ್ಟ್ರು. ಆಮೇಲೆ ಎರಡು ತಿಂಗಳಿನಿಂದ ದಿನಾ ಸಂಜೆ ಫೋನಿನಲ್ಲಿ ಮಾತು. ಫೋನು ಇಟ್ಟ ಮೇಲೂ ಸ್ವಲ್ಪ ಹೊತ್ತು ಅವಳ ಮುಖದಲ್ಲಿ ನಗು ಉಳಿದಿರುತ್ತಿತ್ತು. ಆದರೆ ಎದೆಯೊಳಗೆ ಗಂಟೆ ಬಾರಿಸಿರಲಿಲ್ಲ. ಬಾರಿಸಬೇಕಿತ್ತಲ್ಲ ಎಂಬುದೇ ಅವಳ ಸಂಕಟ.

ಹತ್ತಕ್ಕೆ ಸರಿಯಾಗಿ ಹಾಲಿನ ಬಾಗಿಲು ತೆರೆದು ಮನೆಯವರು ಒಳಗೆ ಬಂದರು. ಅವಳು ಹಾಳೆಗಳಿಂದ ಕಣ್ಣೆತ್ತದೆ ಕಣ್ಣಂಚಿನಲ್ಲಿ ನೋಡಿದಳು, ನೋಡಿದವಳಿಗೆ ಎದೆ ಧಸಕ್ಕೆಂದಿತು. ಬಂದವರೂ ಬಿಳಿ ಕೋಟು, ಬಿಳಿ ಟೊಪ್ಪಿ, ಬಿಳಿ ಮಾಸ್ಕು. ಹದಿನಾಲ್ಕು ಜನ, ಎಲ್ಲ ಒಂದೇ ಅಚ್ಚಿನಲ್ಲಿ ತೆಗೆದಂತೆ. ಈ ವರ್ಷದಿಂದ ಹಾಲಿನೊಳಗೆ ಬರುವವರು ಯಾರೇ ಆಗಲಿ ಇವನ್ನು ಧರಿಸತಕ್ಕದ್ದು ಎಂಬ ಕಾಗದವನ್ನು ಅವತ್ತು ಬೆಳಿಗ್ಗೆ ಬಾಗಿಲಿಗೆ ಅಂಟಿಸಿದ್ದು ಅವಳೇ. ನಾಲ್ಕು ಮೂಲೆಗೂ ಅಂಟು ಹಚ್ಚಿ, ಸೊಟ್ಟಗಾಗಿದೆಯೇ ಎಂದು ಹಿಂದೆ ಸರಿದು ನೋಡಿ, ಕೈಯಲ್ಲಿ ಸವರಿ ಬಂದಿದ್ದಳು. ತನ್ನನ್ನು ಮುಚ್ಚಿಕೊಳ್ಳುವ ಗಡಿಬಿಡಿಯಲ್ಲಿ ಅವರೂ ಮುಚ್ಚಿಕೊಂಡು ಬರುತ್ತಾರೆ ಎಂದು ಹೊಳೆದಿರಲೇ ಇಲ್ಲ. ಇರಲಿ, ಹದ್ದಿಗೆ ಇದೇನು ದೊಡ್ಡದು ಎಂದು ಧೈರ್ಯ ತಂದುಕೊಂಡಳು. ಮೇಷ್ಟ್ರ ತಲೆ ಬೋಳು, ಆದರೆ ಟೊಪ್ಪಿಯಿತ್ತು. ಹೊಟ್ಟೆ ಸ್ವಲ್ಪ ಮುಂದು, ಆದರೆ ಆ ಕೋಟುಗಳಲ್ಲಿ ಎಲ್ಲರ ಹೊಟ್ಟೆಯೂ ಮುಂದು. ಆಗ ಗುಂಪಿನಿಂದ ಒಬ್ಬರು ಬೇರ್ಪಟ್ಟರು. ಎತ್ತರದ ಆಳು, ನೆಟ್ಟಗಿನ ಬೆನ್ನು, ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಧಾನವಾಗಿ, ಒಂದೊಂದು ಕುರ್ಚಿಯನ್ನೂ ನೋಡುತ್ತ ಬರತೊಡಗಿದರು. ಮೊದಲನೆಯವಳನ್ನು ದಾಟಿದರು. ಎರಡನೆಯವಳನ್ನು ದಾಟಿದರು. ಮೂರನೆಯ ಕುರ್ಚಿಯ ಹತ್ತಿರ ತುಸು ತಡೆದು, ಅದನ್ನೂ ದಾಟಿದರು. ಅವಳ ಕಿವಿ ಬಿಸಿಯಾಯಿತು. ಮೇಷ್ಟ್ರು ಇಷ್ಟು ಎತ್ತರವಿದ್ದಾರೆಂದು ಗಾಡಿಯಲ್ಲಿ ಕೂತಾಗ ಗೊತ್ತೇ ಆಗಿರಲಿಲ್ಲ. ಈ ನಡಿಗೆ, ಈ ಗಾಂಭೀರ್ಯವನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದರು? ಸುಳಿವು ಕೊಡಬಾರದೆಂದು ಹಲ್ಲು ಕಚ್ಚಿ ಕೂತಿದ್ದರೂ ಅವಳ ಎಡಗಾಲಿನ ಹೆಬ್ಬೆರಳು ಬೂಟಿನೊಳಗೆ ತಾನಾಗಿ ಅಲ್ಲಾಡಿತು. ಬೂಟಿನ ಮೇಲೊಂದು ಬಟ್ಟೆಯ ಚೀಲವಿತ್ತು, ದೇವರಿಗೂ ಕಾಣುವಂತಿರಲಿಲ್ಲ. ಆದರೂ ಆ ಎತ್ತರದವರು ಐದನೆಯ ಕುರ್ಚಿಯ ಎದುರಿಗೆ ಬಂದು ನಿಂತರು. ಬಗ್ಗಿ ಅವಳ ಕಣ್ಣನ್ನೇ ನೋಡಿದರು.

ಗಂಟೆ ಬಾರಿಸಿತು. ನಿಜವಾಗಿಯೂ ಬಾರಿಸಿತು, ಎದೆಯೊಳಗೆ, ಒಂದಲ್ಲ ಹತ್ತು. ಅವಳ ಕಣ್ಣು ತುಂಬಿಬಂತು. ಮೂವತ್ತು ವರ್ಷ ಜೊಂಪಿನಲ್ಲಿ ಕಳೆದುಕೊಂಡ ಕಥೆಯ ತುಂಡು ಹಗಲಲ್ಲಿ, ಎಲ್ಲರ ಎದುರಿಗೆ ನಡೆಯುತ್ತಿತ್ತು. ಸಂಜೆಯವರೆಗೆ ಕಾಯಬೇಕು ಎಂಬುದು ಮರೆತುಹೋಯಿತು. ಮಾಸ್ಕನ್ನು ಒಂದಿಷ್ಟು ಕೆಳಗೆ ಸರಿಸಿ, “ನಾನು ಒಪ್ಪಿದೀನಿ,” ಎಂದಳು.

ಎದುರಿಗಿದ್ದವರು ತಾವೂ ಮಾಸ್ಕು ಸರಿಸಿದರು. ಒಳಗಿನಿಂದ ಎಪ್ಪತ್ತು ವರ್ಷದ, ಹಲ್ಲಿಲ್ಲದ, ಸಭ್ಯವಾದ ಬಾಯಿಯೊಂದು ಹೊರಗೆ ಬಂತು. ಸೂಪರ್‌ವೈಸರನ ಮಾವ.

“ಒಳ್ಳೇದಾಯ್ತಮ್ಮ,” ಎಂದರು ಅವರು. “ಇಲ್ಲಿ ಟಾಯ್ಲೆಟ್ ಯಾವ ಕಡೆ?”

ಮುಂದಿನದನ್ನು ಅವಳು ನೆನೆಯಲು ಇಷ್ಟಪಡುತ್ತಿರಲಿಲ್ಲ, ಆದರೆ ಅದು ಅವಳ ಇಷ್ಟವನ್ನು ಕೇಳುವಂಥದ್ದಾಗಿರಲಿಲ್ಲ. ಅವಳು ಒಪ್ಪಿಗೆ ಕೊಡುತ್ತಿದ್ದ ಹೊತ್ತಿನಲ್ಲಿ ಖಾಲಿ ಗುಳಿಯ ಹಾಳೆಯೊಂದು ಅವಳ ಮೂಗಿನ ಕೆಳಗೇ ಹಾದುಹೋಗಿ, ಕೊನೆಯ ಯಂತ್ರಕ್ಕೆ ಸಿಕ್ಕಿ, ಅದು ಕೆಂಪು ದೀಪ ಹೊತ್ತಿಸಿಕೊಂಡು ಕೂಗತೊಡಗಿತು. ಬೆಲ್ಟು ನಿಂತಿತು. ಸೂಪರ್‌ವೈಸರ್ ಹಾಳೆಯನ್ನು ಎತ್ತಿ ಹಿಡಿದು ಯಾರ ಕುರ್ಚಿ ಎಂದು ಕೇಳಿದ, ಉತ್ತರ ಗೊತ್ತಾದಾಗ ಬೈಯಲೂ ತೋಚದೆ ಹದ್ದು ಅಂದ, ಅಷ್ಟೆ. ಆರು ಜನ ಹೆಂಗಸರು, ಹದಿನಾಲ್ಕು ಜನ ಮನೆಯವರು ತಿರುಗಿ ಅವಳನ್ನೇ ನೋಡಿದರು. ಈಗ ಅವಳನ್ನು ಗುರುತಿಸಲು ಯಾರಿಗೂ ಕಷ್ಟವಿರಲಿಲ್ಲ. ನೆಲ ಬಿರಿದು ಬಾಯಿ ತೆರೆಯಬಾರದೇ ಎಂದುಕೊಂಡಳು. ಆ ನೆಲಕ್ಕೆ ಹೊಸದಾಗಿ ಟೈಲ್ಸ್ ಹಾಕಿಸಿದ್ದರು. ಮೂರು ಮಕ್ಕಳ ತಾಯಿ ತಲೆಯನ್ನು ಬೆಲ್ಟಿಗೆ ಆನಿಸಿ ಭುಜ ಕುಲುಕಿಸುತ್ತಿದ್ದಳು, ಅಳುತ್ತಿದ್ದಾಳೆಂದು ತಿಳಿದು ಯಾರೋ ಅವಳ ಬೆನ್ನು ಸವರಿದರು. ಆಗ ಐದನೆಯ ಕುರ್ಚಿಯ ಹಿಂದಿನಿಂದಲೇ ಒಂದು ದನಿ ಬಂತು, ಟಾಯ್ಲೆಟ್ ಬರ್ತಾ ದಾರೀಲಿ ನೋಡ್ದೆ ಸಾರ್, ನಾನು ತೋರಿಸ್ತೀನಿ ಬನ್ನಿ ಎಂದು. ಆ ದನಿಯನ್ನು ಗುರುತಿಸಲು ಅರೆಕ್ಷಣವೂ ಬೇಕಾಗಲಿಲ್ಲ. ಅವಳು ತಿರುಗುವಷ್ಟರಲ್ಲಿ ಗಿಡ್ಡನೆಯ, ದುಂಡಗಿನ ಒಂದು ಬಿಳಿ ಕೋಟು ಮುದುಕರ ಮೊಣಕೈ ಹಿಡಿದುಕೊಂಡು ಬಾಗಿಲ ಕಡೆ ಹೋಗುತ್ತಿತ್ತು. ಬಾಗಿಲ ಹೊಸ್ತಿಲು ಬಂದಾಗ ಮೇಷ್ಟ್ರ ಕಾಲು ಅಭ್ಯಾಸಬಲದಿಂದ ಗಾಳಿಯಲ್ಲಿ ಬ್ರೇಕ್ ಒತ್ತಿತು.

ಟೀ ಕೊಡುವ ಕೋಣೆಯಲ್ಲಿ ಟೊಪ್ಪಿ ಮಾಸ್ಕು ತೆಗೆದ ಜನ ತಮ್ಮತಮ್ಮವರ ಜೊತೆ ನಿಂತಿದ್ದರು. ಮೇಷ್ಟ್ರು ಕಿಟಕಿಯ ಹತ್ತಿರ ಎರಡು ಲೋಟ ಹಿಡಿದು ಕಾಯುತ್ತಿದ್ದರು. ಅವಳು ಹೋಗಿ ಪಕ್ಕದಲ್ಲಿ ನಿಂತು, ಕಿಟಕಿಯ ಹೊರಗೆ ನೋಡುತ್ತ, ನೀವು ನನ್ನ ಹಿಂದೆ ಯಾವಾಗ ಬಂದಿರಿ ಎಂದು ಕೇಳಿದಳು. ಬಂದ ತಕ್ಷಣ ಎಂದರು ಮೇಷ್ಟ್ರು. ಗುರುತು ಸಿಕ್ಕಿತಾ ಎಂದು ಕೇಳಿದಳು. ಎಲ್ಲಿ ಸಿಗುತ್ತೆ, ಬಾಗಿಲಲ್ಲಿದ್ದವರನ್ನು ಕೇಳಿದೆ, ಐದನೇ ಕುರ್ಚಿ ಅಂದರು, ನೀವು ಮೂರನೇದು ಅಂದಿದ್ದಿರಿ, ಅದಕ್ಕೇ ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡೆ ಎಂದರು ಅವರು, ಒಂದಿಷ್ಟೂ ನಾಚಿಕೆಯಿಲ್ಲದೆ. ಮಾತಾಡಿಸಬಾರದಿತ್ತೇ ಎಂದರೆ, ಕೆಲಸದ ಮಧ್ಯೆ ತೊಂದರೆ ಬೇಡ ಅಂತ ಹಿಂದೆ ನಿಂತಿದ್ದರಂತೆ. ಅವಳು ಎಷ್ಟು ಚುರುಕಾಗಿ ಕೈ ಹಾಕುತ್ತಾಳೆ ಎಂದು ನೋಡುತ್ತ ನಿಂತವರಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲವಂತೆ. ಹನ್ನೊಂದು ವರ್ಷದಲ್ಲಿ ಅವಳ ಕೆಲಸವನ್ನು ಯಾರೂ ಹಾಗೆ ನೋಡುತ್ತ ನಿಂತಿರಲಿಲ್ಲ. ಸಂತೋಷಪಡಬೇಕೆನ್ನುವಷ್ಟರಲ್ಲಿ ಮೇಷ್ಟ್ರು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

“ಒಂದು ಕೇಳ್ಲಾ? ಅಲ್ಲಿ ಒಪ್ಪಿದೀನಿ ಅಂದ್ರಲ್ಲ, ಅದು ಯಾರಿಗೆ?”

ನಿಮಗೇ, ನೀವು ಹಿಂದೆ ನಿಂತದ್ದು ನನಗೆ ನೋಡದೆಯೇ ಗೊತ್ತಾಯಿತು ಎಂದುಬಿಡಬಹುದಿತ್ತು. ಎಂಥ ಚೆಂದದ ಕಥೆ. ಮೇಷ್ಟ್ರು ನಂಬಿಯೂ ಬಿಡುತ್ತಿದ್ದರು, ಮುಂದೆ ನೂರು ಸಲ ಜನರ ಮುಂದೆ ಹೇಳಿ ಕೊನೆ ಮುಟ್ಟುವ ಮೊದಲೇ ನಗುತ್ತಿದ್ದರು. ಆ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಹೇಳಿದರೆ ಜನ್ಮವೆಲ್ಲ ಅದನ್ನು ಕಾಯಬೇಕು ಎಂದು ಅವಳಿಗೆ ಸುಸ್ತಾಯಿತು. ಆ ಮುದುಕರನ್ನೇ ನೀವು ಅಂದುಕೊಂಡೆ ಎಂದಳು. ನೀವು ಗುರುತಿಸುತ್ತೀರಾ ಅಂತ ಪರೀಕ್ಷೆ ಮಾಡಿದೆ, ಕುರ್ಚಿ ಬದಲಿಸಿದೆ, ಕೊನೆಗೆ ನನಗೇ ನಿಮ್ಮ ಗುರುತು ಸಿಗಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಮೇಷ್ಟ್ರು ನಗಲಿಲ್ಲ. ಕೋಣೆಯ ಆ ತುದಿಯಲ್ಲಿ ಟೀಯಲ್ಲಿ ಬಿಸ್ಕತ್ತು ಅದ್ದುತ್ತಿದ್ದ ಮಾವನವರನ್ನು ಸ್ವಲ್ಪ ಹೊತ್ತು ನೋಡಿದರು. ಅವರು ನನಗಿಂತ ಎತ್ತರ ಎಂದರು. ಹಾಗಾದರೆ ಅಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ದನಿ ಸಣ್ಣಗಾಗಿತ್ತು. ಅವರಿಗೆ ನೋವಾಗಿದೆ ಎಂದು ತಿಳಿಯಲು ಅವಳಿಗೆ ಯಾವ ಗಿಣಿಯೂ ಬೇಕಾಗಲಿಲ್ಲ. ಇವರು ಈಗ ಹೊರಟುಹೋದರೆ ಸಂಜೆಯ ಫೋನು ಇರುವುದಿಲ್ಲ, ನಾಳೆಯ ಸಂಜೆಯೂ ಇರುವುದಿಲ್ಲ ಎನ್ನುವುದು ಥಟ್ಟನೆ ಹೊಳೆದು, ಹೋಗುವುದು ಬೇಡ ಎಂದು ಅವಳ ಮನಸ್ಸು ಬಿಡದೆ ಹೇಳತೊಡಗಿತು. ಮನಸ್ಸು ಹೇಳಿದರೆ ಅವರಿಗೆ ಹೇಗೆ ಕೇಳಬೇಕು.

“ಅಕ್ಕನಿಗೆ ಏನು ಹೇಳ್ಲಿ, ನೀವೇ ಹೇಳಿ,” ಎಂದರು ಮೇಷ್ಟ್ರು. “ಊಹೆ ಮಾಡೋದು ನನ್ನ ಕೈಲಾಗಲ್ಲ.”

ಅವಳು ಕಿಟಕಿಯಿಂದ ತಿರುಗಿ ಅವರ ಎದುರಿಗೆ ಬಂದು ನಿಂತಳು. ನಿಂತ ಮೇಲೆ ಗೊತ್ತಾಯಿತು, ಹಾಗೆ ನಿಂತದ್ದು ಇದೇ ಮೊದಲು. ಡ್ರೈವಿಂಗ್ ಕಲಿತ ಇಪ್ಪತ್ತೊಂದು ದಿನವೂ ಗಾಡಿಯಲ್ಲಿ ಪಕ್ಕ ಪಕ್ಕ ಕೂತು ಇಬ್ಬರೂ ರಸ್ತೆಯನ್ನೇ ನೋಡಿದ್ದರು. ಪಾಠ ಮುಗಿದ ಕೂಡಲೇ ಅವಳು ಇಳಿದು ಹೋಗಿಬಿಡುತ್ತಿದ್ದಳು. ಅವರ ಮುಖದ ಒಂದು ಮಗ್ಗುಲನ್ನು ಬಿಟ್ಟು ಅವಳಿಗೆ ಬೇರೇನೂ ಗೊತ್ತಿರಲಿಲ್ಲ. ಈಗ ನೋಡಿದರೆ ಒಂದು ಕಣ್ಣು ಇನ್ನೊಂದಕ್ಕಿಂತ ಸ್ವಲ್ಪ ಸಣ್ಣದು. ಮಾಸ್ಕಿನ ದಾರ ಕೆನ್ನೆಯ ಮೇಲೆ ಗೆರೆ ಎಳೆದಿತ್ತು. ಅದರ ಆಚೆ ಏನೋ ಕಪ್ಪಗೆ ಕಂಡಂತಾಯಿತು.

“ಒಂದ್ನಿಮಿಷ ಆ ಕಡೆ ತಿರುಗಿ,” ಎಂದಳು.

ಮೇಷ್ಟ್ರು ಫೋಟೋ ತೆಗೆಸಿಕೊಳ್ಳುವವರ ಹಾಗೆ ವಿಧೇಯರಾಗಿ ತಿರುಗಿದರು. ಆ ಕೆನ್ನೆಯ ಮೇಲೆ, ಕಿವಿಗೆ ಹತ್ತಿರ, ಹುಣಿಸೆ ಬೀಜದಷ್ಟು ದೊಡ್ಡ ಮಚ್ಚೆ. ಅದರಲ್ಲಿ ಎರಡು ಕೂದಲು.

“ಇದು ಯಾವಾಗಿಂದ ಇದೆ?”

“ಹುಟ್ಟಿದಾಗಿಂದ.” ಮೇಷ್ಟ್ರು ಗಾಬರಿಯಾಗಿ ಅದನ್ನು ಅಂಗೈಯಿಂದ ಮುಚ್ಚಿಕೊಂಡರು. “ತೆಗೆಸಬಹುದಂತೆ. ನೋವೂ ಆಗಲ್ವಂತೆ.”

“ಕೈ ತೆಗೀರಿ,” ಎಂದಳು ಅವಳು. ಇನ್ನೊಂದಿಷ್ಟು ಹತ್ತಿರ ಬಂದು, ಬೆಳಕಿಗೆ ಹಿಡಿದು ನೋಡುವವಳ ಹಾಗೆ ಸಾವಕಾಶವಾಗಿ ನೋಡಿದಳು. ನೋಡುತ್ತ ನೋಡುತ್ತ ಅವಳಿಗೆ ನಗು ಬಂತು, ಅಳುವೂ ಬಂತು. “ಇರ್ಲಿ ಬಿಡಿ. ಅಕ್ಕನಿಗೆ ಹೂಂ ಅಂತ ಹೇಳಿ. ನಿಮ್ಮನ್ನ ನೋಡ್ಕೊಂಡೇ ಹೇಳ್ತಿದೀನಿ.”

ಮೇಷ್ಟ್ರು ಜೇಬಿನಿಂದ ಫೋನು ತೆಗೆಯಲು ಹೋಗಿ ಕೋಟಿನ ಗುಂಡಿಯಲ್ಲಿ ಕೈ ಸಿಕ್ಕಿಸಿಕೊಂಡರು, ಬಿಡಿಸಿಕೊಂಡು ನಂಬರು ಒತ್ತಿದರು. ಆ ಕಡೆಯಿಂದ ಅಕ್ಕನ ದನಿ ದೊಡ್ಡದಾಗಿ ಕೇಳಿತು: ಏನಂದ್ಳು, ಎಲ್ಲಿದಾಳೆ ಅವಳು.

“ಇಲ್ಲೇ ಇದಾರೆ ಅಕ್ಕ,” ಎಂದರು ಮೇಷ್ಟ್ರು. “ಎದುರಿಗೇ.”